ಇದ್ದ ಹಾಗೇ ತಲುಪಿಸುವುದು

ಜುಲೈ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಶಿರಸಿ ಪೇಟೆಯ ಲಾರಿ ಬುಕಿಂಗ್ ಆಫೀಸೊಂದರ ಹಿಂದಿನ ಕೋಣೆ. ಹಾಜರಿದ್ದವರು: ಸಿದ್ದಾಪುರದ ಟೇಲರ್ ನಾಗವೇಣಿ, ಭೈರುಂಬೆಯ ಗಣಪಣ್ಣ ಮತ್ತು ನಾನು. ದಾಸನಕೊಪ್ಪದ ರೈತ ಬಸವಂತಪ್ಪ ಹತ್ತು ಗಂಟೆ ಏಳು ನಿಮಿಷಕ್ಕೆ ಬಂದರು. ಗೈರುಹಾಜರಿ: ಕೋಣೆಯ ಯಜಮಾನರು. ಅವರು ತೀರಿಕೊಂಡು ಮೂರು ತಿಂಗಳಾಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಆಫೀಸಿನ ಬೋರ್ಡಿನ ಮೇಲೂ ಅವರು ಅದನ್ನು ಬರೆಸಿರಲಿಲ್ಲ. ಯಲ್ಲಾಪುರದ ಲಾರಿ ಮನೆತನದವರು. ಪೇಟೆಗೆಲ್ಲ ಅವರು ಭಾಯಿ, ನಮಗೂ ಭಾಯಿ. ಧಾರವಾಡದಲ್ಲಿ ಔಷಧದಂಗಡಿ ನಡೆಸುವ ಅವರ ಮಗಳು ಹಿಂದಿನ ವಾರ ಕೋಣೆಯ ಬೀಗದ ಕೈ ಕೊಟ್ಟು, "ಅಬ್ಬಾನ ಟ್ರಂಕ್ ನಿಮ್ದು ಟೀಚರ್. ಆಟ ಮಾತ್ರ ನಿಲ್ಲಿಸಬೇಡಿ" ಎಂದಿದ್ದಳು. ಆ ಟ್ರಂಕನ್ನು ತೆರೆದು ಜೋಡಿಸುವುದೇ ಈ ಭಾನುವಾರದ ಕೆಲಸವಾಗಿತ್ತು.

ನಾನು ಅವರನ್ನು ಮೊದಲು ಕಂಡದ್ದು ಒಂದು ಸರಕಿನ ಕೆಲಸದಲ್ಲಿ. ಶಾಲೆಯ ಅಕ್ಕೋರಾಗಿ ನಿವೃತ್ತಿಯಾದ ವರ್ಷ, ನನ್ನಲ್ಲಿದ್ದ ಪುಸ್ತಕಗಳನ್ನು ಯಲ್ಲಾಪುರದ ಶಾಲೆಗೆ ಕಳಿಸಲು ಅವರ ಆಫೀಸಿಗೆ ಹೋಗಿದ್ದೆ. ಮೇಜಿನ ಮೇಲೆ ಕೈಯಲ್ಲಿ ಬರೆದ ನಕ್ಷೆ ಹರಡಿತ್ತು. ಘಟ್ಟ, ಹೊಳೆ, ಏಳು ಕೋಟೆ. ಅವರು ತಲೆ ಎತ್ತಿ ಕೇಳಿದ್ದು ಪುಸ್ತಕದ ಗಂಟಿನ ತೂಕವನ್ನಲ್ಲ.

"ಅಕ್ಕೋರೆ, ಒಂದು ಕೋಟೆ ಬಾಗಿಲು. ಹೊರಗೆ ಇಪ್ಪತ್ತು ಜನ ನಿಂತಿದ್ದಾರೆ, ಒಳಗೆ ಜಾಗ ಹತ್ತು ಜನಕ್ಕೆ. ಕಾವಲಿನವಳು ಬಾಗಿಲು ತೆಗೀಬೇಕೋ ಬ್ಯಾಡೋ?"

"ಮೊದಲು ಹಾಜರಿ ತಗೊಳ್ಳಿ" ಎಂದೆ.

ಅವರು ಜೋರಾಗಿ ನಕ್ಕು ನನ್ನ ಕಡೆ ಸ್ಟೂಲು ದೂಡಿದರು. "ಕೂತ್ಕೊಳ್ರಿ. ನಿಮಗೆ ಪಾತ್ರ ಸಿಕ್ತು."

ಆಟ ಇಷ್ಟೇ. ಒಬ್ಬರು ಕಥೆ ಹೇಳುತ್ತಾರೆ; ಉಳಿದವರು ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆ, ಏನು ಮಾತಾಡುತ್ತೇವೆ ಎಂದು ಹೇಳುತ್ತ ಆ ಕಥೆಯೊಳಗೆ ನಡೆಯುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಹುಬ್ಬಳ್ಳಿಯಲ್ಲಿ ಲೋಡಿಗೆ ಕಾಯುತ್ತಿದ್ದ ದಿನಗಳಲ್ಲಿ ಕಾಲೇಜಿನವರು ಆಡುವುದನ್ನು ನೋಡಿ ಅವರು ಕಲಿತದ್ದು. ಅವರ ರಾಜ್ಯದಲ್ಲಿ ಘಟ್ಟದ ಪ್ರತಿ ತಿರುವಿಗೂ ಒಂದು ಚೆಕ್‌ಪೋಸ್ಟ್ ಇತ್ತು. ಬೆಂಕಿಯುಗುಳುವ ಹಾವೊಂದು ಕೂತು ಕಾಗದಪತ್ರ ಕೇಳುತ್ತಿತ್ತು.

"ರಸ್ತೆ ನಾನು ಹಾಕ್ತೀನಿ, ಗಾಡಿ ನಿಮ್ದು." ಪ್ರತಿ ಭಾನುವಾರ ಆಟ ಶುರು ಮಾಡುವ ಮೊದಲು ಹೇಳುತ್ತಿದ್ದ ಮಾತು. ದಾಳವನ್ನು ಪ್ಯಾಂಟಿನ ಮಂಡಿಗೆ ಎರಡು ಸಲ ಉಜ್ಜಿ ಕೊಡುತ್ತಿದ್ದರು. ಬಲಮಂಡಿಯ ಬಟ್ಟೆ ಅಲ್ಲಿ ತೆಳುವಾಗಿತ್ತು. ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದು ಮರೆತುಬಿಡುತ್ತಿದ್ದರು. ಹತ್ತು ಗಂಟೆ ಎಂದರೆ ಅವರಿಗೆ ಹತ್ತೂಮುಕ್ಕಾಲು. "ಅಕ್ಕೋರೆ, ಇದು ಲಾರಿ ಟೈಮು. ಬಸ್ಸಿನ ಟೈಮಲ್ಲ" ಎನ್ನುತ್ತಿದ್ದರು. ಇದೊಂದು ವಿಷಯದಲ್ಲಿ ನನಗೂ ಅವರಿಗೂ ಕೊನೆಯವರೆಗೂ ಹೊಂದಲಿಲ್ಲ.

ನಮ್ಮ ಪಾತ್ರಗಳನ್ನು ಅವರು ಬಿಲ್ಟಿಯ ಮೇಲೆ ಬರೆಯುತ್ತಿದ್ದರು. ಬಿಲ್ಟಿ ಎಂದರೆ ಲಾರಿಗೆ ಸರಕು ಹಾಕಿದಾಗ ಕೊಡುವ ಚೀಟಿ. ಕಾರ್ಬನ್ ಇಟ್ಟು ಬರೆದರೆ ಮೂರು ಪ್ರತಿ: ಒಂದು ಆಟಗಾರರಿಗೆ, ಒಂದು ಅವರ ಕೈಯಲ್ಲಿ, ಒಂದು ಫೈಲಿಗೆ. 'ಕಳಿಸುವವರು' ಇದ್ದಲ್ಲಿ ಪಾತ್ರದ ಹೆಸರು. 'ಸರಕಿನ ವಿವರ'ದಲ್ಲಿ ಪಾತ್ರಕ್ಕೆ ಬರುವ ವಿದ್ಯೆಗಳು. 'ತೂಕ'ದಲ್ಲಿ ತೋಳಿನ ಬಲ. 'ಷರಾ' ಕಾಲಮ್ಮಿನಲ್ಲಿ ಮೈಯ ಸ್ಥಿತಿ, ಗಾಯ, ಊನ, ಗುರುತು. 'ಪಡೆಯುವವರು' ಎಂಬಲ್ಲಿ ಆ ಪಾತ್ರ ಮನಸ್ಸು ಕೊಡುವುದು ಯಾರಿಗೆ ಎಂದು.

ಈ ಕೊನೆಯ ಕಾಲಮ್ಮಿನ ಮೇಲೆ ಅವರಿಗೆ ವಿಪರೀತ ಕಾಳಜಿ. ಅದಕ್ಕೆ ಕಾರಣ ಮಗಳು. ಓದುವ ಕಾಲದಲ್ಲಿ ರಜೆಗೆ ಬಂದಾಗ ಅವಳು ಕಂಪ್ಯೂಟರಿನಲ್ಲಿ ಇಂಥದೇ ಮಾಯಾಲೋಕದ ಆಟ ಆಡುತ್ತಿದ್ದಳಂತೆ. ಜೊತೆಗಾರರಲ್ಲಿ ಕೆಲವರನ್ನು ಪ್ರೀತಿಸಲು ಅದರಲ್ಲಿ ಅವಕಾಶವಿತ್ತು. ಮಗಳಿಗೆ ಇಷ್ಟವಾದದ್ದು ಪಾಳೆಯದ ದಪ್ಪ ಅಡಿಗೆಯವನು. ಎಷ್ಟು ಸಲ ಹೋಗಿ ಮಾತಾಡಿಸಿದರೂ ಅವನು ಸಾರಿನ ವಿಷಯ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಪ್ರೀತಿಗೆ ಸಿಗುವವರೆಲ್ಲ ಎಳೆಯರು, ಸಪೂರದವರು, ಕೂದಲು ಹಾರುವವರು.

"ಅಷ್ಟು ದೊಡ್ಡ ರಾಜ್ಯ ಅಕ್ಕೋರೆ! ಒಬ್ಬ ಬೋಳುತಲೆಯವನಿಗೂ ಹೆಣ್ಣು ಸಿಗಂಗಿಲ್ಲ. ಹಾವಿಗೆ ರೆಕ್ಕೆ ಹಚ್ಚೋಕೆ ಬರ್ತದೆ ಅವರಿಗೆ, ಅಡಿಗೆಯವನಿಗೆ ಒಂದು ಮನಸ್ಸು ಇಡೋಕೆ ಬರೋದಿಲ್ಲ" ಎಂದು ಅವರು ಹೇಳುವಾಗ ತಮ್ಮ ಬೋಳುತಲೆಯನ್ನು ಸವರಿಕೊಳ್ಳುತ್ತಿದ್ದರು. ಮಗಳಂತೆಯೇ ಬೇಸರಪಟ್ಟವರು ದೇಶದೇಶಗಳಲ್ಲಿ ಇದ್ದಾರೆ, ಆಟ ಮಾಡಿದವರಿಗೆ ಪತ್ರ ಬರೆದು ಜಗಳ ಆಡುತ್ತಾರೆ ಎಂದು ತಿಳಿದಾಗ ಅವರಿಗೆ ಬಹಳ ಸಮಾಧಾನವಾಗಿತ್ತು. ತಮ್ಮ ಆಟದಲ್ಲಿ ಯಾರಿಗೂ ಆ ಪತ್ರ ಬರೆಯುವ ಪ್ರಸಂಗ ಬರಬಾರದು ಎಂಬುದು ಅವರ ಹಟ.

ಬಸವಂತಪ್ಪ ಏಳು ಕೋಟೆಯ ರಾಣಿಯೇ ಬೇಕೆಂದರು. ಭಾಯಿ ಬರೆದುಕೊಂಡರು. ರಾಣಿ ಒಲಿದಳು, ಆದರೆ ದಿನಕ್ಕೊಂದು ಪದ್ಯ ಕಟ್ಟಿ ಓದಬೇಕೆಂದಳು. "ಪದ್ಯ ಎಲ್ಲಿಂದ ತರ್ಲಿರಿ ಭಾಯಿ, ನಾ ಭತ್ತ ಬೆಳೆಯಾಂವ" ಎಂದು ಬಸವಂತಪ್ಪ ಒದ್ದಾಡಿದರು. ಗಣಪಣ್ಣ ತನಗೆ ಅಡಿಗೆ ಬಲ್ಲವಳು ಸಾಕು ಎಂದ. ಅವನಿಗೆ ಸಿಕ್ಕಿದ ಕುದುರೆ ಸವಾರಿಯವಳು ಇವನ ಕೈಯಡಿಗೆಯನ್ನೇ ಎರಡು ಪಾಲು ಉಂಡು, "ಉಪ್ಪು ಕಮ್ಮಿ" ಎಂದಳು. ಎರಡು ತಿಂಗಳು ನಮ್ಮೊಡನೆ ಆಡಿದ ಒಬ್ಬ ಡ್ರೈವರ್, ತನ್ನ ಬಿಲ್ಲುಗಾರನ ಮನಸ್ಸು ಇನ್ನೊಬ್ಬ ಬಿಲ್ಲುಗಾರನ ಮೇಲಿದೆ ಎಂದು ತಲೆ ತಗ್ಗಿಸಿ ಹೇಳಿದ. ಬಸವಂತಪ್ಪ ಕೆಮ್ಮಿದರು. ಭಾಯಿ ಬರೆಯುತ್ತಲೇ, "ಕೆಮ್ಮು ಬಂದ್ರೆ ನೀರು ಕುಡೀರಿ" ಎಂದು ಚೊಂಬು ಸರಿಸಿ, ಡ್ರೈವರನಿಗೆ, "ಅವನ ಊರು ಯಾವ್ದಪಾ? ವಿಳಾಸ ಪೂರ್ತಿ ಬೇಕು" ಎಂದರು. ಆ ಡ್ರೈವರ್ ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ನನ್ನ ಬಿಲ್ಟಿಯಲ್ಲಿ ಆ ಕಾಲಂ ಖಾಲಿ. ನನ್ನ ಪಾತ್ರ ಕೋಟೆ ಬಾಗಿಲ ಕಾವಲಿನ ಮುಖ್ಯಸ್ಥೆ. ಗಂಟೆ ಹೊಡೆಯುತ್ತಾಳೆ, ಹಾಜರಿ ತೆಗೆದುಕೊಳ್ಳುತ್ತಾಳೆ. ಗಣಪಣ್ಣ ಪ್ರತಿ ವಾರ ಛೇಡಿಸುತ್ತಿದ್ದ: "ಅಕ್ಕೋರಿಗೆ ಕೋಟೆಯ ಆ ಮುದಿ ಮಂತ್ರಿ ಅಡ್ಡಿಲ್ಲೆ. ಅವಂಗೂ ಪಾಪ, ಯಾರೂ ಇಲ್ಲೆ." ನಾನು ಕೇಳಿಸದವಳಂತೆ ಇರುತ್ತಿದ್ದೆ. ಭಾಯಿ ಮಾತ್ರ ಗಂಭೀರವಾಗಿ ಹೇಳುತ್ತಿದ್ದರು: "ಖಾಲಿ ಬಿಡಬ್ಯಾಡ್ರಿ ಅಕ್ಕೋರೆ. ಖಾಲಿ ಕಾಲಂ ಕಂಡ್ರೆ ದಾರೀಲಿ ಯಾರಾದ್ರೂ ತಮಗೆ ಬೇಕಾದ ಹೆಸರು ತುಂಬ್ತಾರೆ. ತಾನೇ ಕಳಿಸಿ ತಾನೇ ಬಿಡಿಸ್ಕೊಳ್ಳೋ ಸರಕೂ ಇರ್ತದೆ, ಅದಕ್ಕೆ ಸೆಲ್ಫ್ ಅಂತ ಬರೀತೀವಿ. ಏನಾದ್ರೂ ಬರೀರಿ, ಆದ್ರೆ ನೀವೇ ಬರೀರಿ." ಮುಂದಿನ ವಾರ ನೋಡೋಣ ಎನ್ನುತ್ತಿದ್ದೆ. ಶಾಲೆಯಲ್ಲಿ ಯಾರಿಗೂ ನಾನು ಕೊಡದಿದ್ದ ರಿಯಾಯಿತಿ ಅದು.

ಅವರು ಆಗಾಗ ಹೇಳುತ್ತಿದ್ದ ಕಥೆಯೊಂದಿದೆ. ಹದಿನೆಂಟರ ವಯಸ್ಸಿನಲ್ಲಿ ಲಾರಿ ಕೆಲಸಕ್ಕೆ ಸೇರಿದಾಗ ಮತ್ತಿಘಟ್ಟದಿಂದ ಒಂದು ಹಳೆಯ ಮರದ ತೊಟ್ಟಿಲು ಬಂತು. ಅಂಚೆಲ್ಲ ಗೀರು, ಹಲ್ಲಿನ ಗುರುತು. ಇವರಿಗೆ ಕನಿಕರ ಬಂದು, ಲಾರಿ ನಿಂತ ರಾತ್ರಿ ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿದರು. ಬಿಡಿಸಿಕೊಳ್ಳಲು ಬಂದ ಹೆಂಗಸು ತೊಟ್ಟಿಲಿನ ಅಂಚು ಮುಟ್ಟಿ ಮುಟ್ಟಿ ನೋಡಿ ಅತ್ತುಬಿಟ್ಟಳು. ಅವಳ ಮೂವರು ಮಕ್ಕಳ ಹಲ್ಲು ಅಲ್ಲಿದ್ದವು. ಇವರ ತಂದೆ ಬೈಯಲಿಲ್ಲ. ಬಿಲ್ಟಿ ತೆಗೆದು ಷರಾ ಕಾಲಂ ಓದಿಸಿದರು: 'ಅಂಚಿಗೆ ಗುರುತುಗಳಿವೆ.' ಗುರುತುಗಳಿರುವ ಸರಕನ್ನು ಗುರುತುಗಳ ಸಮೇತ ತಲುಪಿಸಬೇಕು, ಅದು ನಮ್ಮ ಕೆಲಸ. ರಿಪೇರಿ ನಮ್ಮ ಕೆಲಸ ಅಲ್ಲ ಎಂದರಂತೆ.

ಇಷ್ಟು ತಿಳಿದವರು ನಾಗವೇಣಿಯ ವಿಷಯದಲ್ಲಿ ತಪ್ಪಿದರು.

ನಾಗವೇಣಿಗೆ ನಲವತ್ತೈದರ ಆಚೀಚೆ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸೋತಿದೆ, ಕಂಕುಳಿಗೆ ಕೋಲು. ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಹೊಲಿಗೆ ಅಂಗಡಿ. ಮೊದಲ ದಿನ ತನ್ನ ಪಾತ್ರ ಬರೆಸುವಾಗ ಷರಾ ಕಾಲಮ್ಮಿನಲ್ಲಿ, "ಎಡಗಾಲು ಸೋತದ್ದು, ಕೋಲು ಇದೆ" ಎಂದೇ ಬರೆಸಿದಳು. ಗಣಪಣ್ಣ ಉತ್ಸಾಹದಿಂದ, "ಕೋಲಿನೊಳಗೆ ಒಂದು ಕತ್ತಿ ಅಡಗಿಸಿಟ್ರೆ ಹ್ಯಾಂಗೆ?" ಎಂದ.

"ಕತ್ತಿ ಗಿತ್ತಿ ಎಂತದೂ ಬ್ಯಾಡ" ಎಂದಳು. "ಕೋಲು ಕೋಲೇ."

ಪಡೆಯುವವರ ಕಾಲಮ್ಮಿನಲ್ಲಿ ಬರೆಸಿದ್ದು: 'ಕರಿಹೊಳೆಯ ದೋಣಿಯವ.' ದೋಣಿಯವನ ಮಾತನ್ನೆಲ್ಲ ಭಾಯಿಯೇ ಆಡಬೇಕು. ಮಿತಭಾಷಿ ದೋಣಿಯವ. ನಾಲ್ಕು ತಿಂಗಳು ಕಥೆ ಆ ಹೊಳೆಯನ್ನು ಎಷ್ಟೋ ಸಲ ದಾಟಿತು. ಅವನು ಇವಳನ್ನು ನೋಡುತ್ತಾನೆ, ಹುಟ್ಟು ಹಾಕುತ್ತಾನೆ, ಸುಮ್ಮನಿರುತ್ತಾನೆ. ನಾಗವೇಣಿ ಪ್ರತಿ ಭಾನುವಾರ ಸಿದ್ದಾಪುರದಿಂದ ಬಸ್ಸಿಗೆ ಬಂದು ಕಾಯುತ್ತಿದ್ದಳು. ಕಾಯುತ್ತಿದ್ದಾಳೆಂಬುದು ನಮಗೆಲ್ಲ ಗೊತ್ತಿತ್ತು.

ಅವಳ ಹುಟ್ಟಿದ ದಿನ ಬಂದ ವಾರ ಭಾಯಿ ಎಂದೂ ಇಲ್ಲದೆ ಹತ್ತು ಗಂಟೆಗೆ ಸರಿಯಾಗಿ ಬಂದಿದ್ದರು. ಕಥೆ ಹೊಳೆದಂಡೆಯ ಒಂದು ಬುಗ್ಗೆಯ ಹತ್ತಿರ ಬಂತು. ನೀರು ಮುಟ್ಟಿದರೆ ಎಲ್ಲ ನೋವು ಹೋಗುತ್ತದೆ. ಭಾಯಿ ಕಣ್ಣರಳಿಸಿ, ಕೈ ಎತ್ತಿ ಹೇಳಿದರು: ಅವಳ ಕಾಲಿಗೆ ಬಲ ಬಂತು, ಕೋಲು ಕೈಯಿಂದ ಜಾರಿ ಹೊಳೆಗೆ ಬಿತ್ತು, ಅವಳು ಓಡಿದಳು. ದಂಡೆಯಲ್ಲಿದ್ದ ದೋಣಿಯವ ಓಡಿಬಂದು, "ನನ್ನ ಜೊತೆ ಬಾ, ನಿನ್ನನ್ನೇ ಮದುವೆಯಾಗ್ತೀನಿ" ಎಂದ. ಹೇಳುತ್ತ ಹೇಳುತ್ತ ತಮ್ಮ ಕೈಯಲ್ಲಿದ್ದ ಪ್ರತಿಯ ಷರಾ ಕಾಲಂ ಮೇಲೆ ಗೀಟು ಹಾಕಿದರು. ಬಸವಂತಪ್ಪ ಚಪ್ಪಾಳೆ ತಟ್ಟಿದರು. ಗಣಪಣ್ಣ ತಟ್ಟಿದ. ನಾನೂ ತಟ್ಟಿದೆ, ಅದನ್ನು ಇಲ್ಲಿ ದಾಖಲಿಸಬೇಕು.

ನಾಗವೇಣಿ ದಾಳವನ್ನು ಮೇಜಿನ ಮೇಲಿಟ್ಟಳು.

"ಭಾಯಿ, ನಾಕು ತಿಂಗ್ಳು ಅಂವ ಎಂತ ನೋಡ್ತಿದ್ದ ಹಾಂಗಾರೆ?"

ಭಾಯಿಗೆ ಅರ್ಥವಾಗಲಿಲ್ಲ. "ನಿನ್ನನ್ನೇ ಬೇಟಾ."

"ನನ್ನನ್ನು ನೋಡಿದ್ರೆ ಅವಾಗ್ಲೇ ಮಾತಾಡ್ತಿದ್ದ. ಕೋಲು ಹೊಳೆಗೆ ಬಿದ್ಮೇಲೆ ಬಾಯಿ ಬಂತು ಅವಂಗೆ. ಇಂಥವ್ರನ್ನ ನೋಡೂಕೆ ನಾನು ಬಸ್ಸಿಗೆ ಶಿರಸಿಗೆ ಬರೂದು ಬ್ಯಾಡ. ನಮ್ಮೂರಲ್ಲೇ ಇದ್ದಾರೆ." ತನ್ನ ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿದಳು, ಕೋಲು ತೆಗೆದುಕೊಂಡಳು, ಹನ್ನೊಂದು ಗಂಟೆ ನಲವತ್ತಕ್ಕೆ ಹೊರಟಳು. ಕೋಲಿನ ಸದ್ದು ಆಫೀಸು ದಾಟಿ ಮೆಟ್ಟಿಲು ಇಳಿದು ರಸ್ತೆಗೆ ಹೋಯಿತು.

ಮುಂದಿನ ಎರಡು ಭಾನುವಾರ ಅವಳು ಬರಲಿಲ್ಲ. ಫೋನ್ ಮಾಡಿದರೆ, ಶಾಲೆಯ ಯೂನಿಫಾರ್ಮ್ ರಾಶಿ ಬಿದ್ದಿದೆ ಎಂದಳು. ಆಟ ಸಾಗಲಿಲ್ಲ. "ಒಳ್ಳೇದಕ್ಕೇ ಮಾಡಿದ್ರಿ, ಬಿಡಿ" ಎಂದು ನಾನು ಹೇಳಿದ್ದಕ್ಕೆ ಅವರು, "ಅಕ್ಕೋರೆ, ಮರಳು ಕಾಗದ ಹಿಡಿದೋನೂ ಒಳ್ಳೇದಕ್ಕೇ ಹಿಡಿದಿದ್ದ" ಎಂದರು. ಬಸಿಯ ಚಹಾ ಹಾಗೇ ಇತ್ತು. "ಅಂಗಡಿ ಬಿಟ್ಟು ಅವಳು ಕೂರೋದು ಇದೊಂದೇ ಜಾಗ. ಅಲ್ಲೂ ನಾನು ಹೋಗಿ ಅವಳ ಷರಾ ಹೊಡೆದು ಹಾಕಿದೆ. ಮಗಳ ಆಟದವರಿಗೆ ಅಷ್ಟು ಬೈದೆ. ಅವರು ಅಡಿಗೆಯವನಿಗೆ ಮನಸ್ಸು ಕೊಡಲಿಲ್ಲ, ಅಷ್ಟೇ. ನಾನು ಮನಸ್ಸು ಇದ್ದೋಳಿಗೆ ಕಾಲು ಕೊಟ್ಟೆ."

ತಪ್ಪಿದ ಬಿಲ್ಟಿಗೆ ಒಂದು ಕ್ರಮವಿದೆ. ತಿದ್ದುವಂತಿಲ್ಲ, ಹರಿಯುವಂತಿಲ್ಲ. ಮೂರೂ ಪ್ರತಿ ಒಟ್ಟು ಮಾಡಿ, ಅಡ್ಡ ಗೀಟು ಹಾಕಿ, 'ರದ್ದು' ಎಂದು ಬರೆದು, ಹೊಸದು ಬರೆಯಬೇಕು. ಮೂರನೆಯ ಪ್ರತಿ ಸಿದ್ದಾಪುರದಲ್ಲಿತ್ತು. ಸೋಮವಾರ ಬೆಳಿಗ್ಗೆ ಎಂಟೂಕಾಲಿನ ಬಸ್ಸಿಗೆ ನಾವಿಬ್ಬರೂ ಹೋದೆವು. ಬಸ್ಸಿನ ಟೈಮಿಗೆ ಅವರು ಹತ್ತು ನಿಮಿಷ ಮೊದಲೇ ನಿಂತಿದ್ದರು.

ನಾಗವೇಣಿ ನೀಲಿ ಬಟ್ಟೆ ಹರಡಿ ಕತ್ತರಿಸುತ್ತಿದ್ದಳು. ನೋಡಿದಳು, ಕತ್ತರಿ ನಿಲ್ಲಿಸಲಿಲ್ಲ. "ಅಳತೆ ಕೊಡೂಕೆ ಬಂದ್ರಾ?"

"ಬಿಲ್ಟಿ ಕೇಳೋಕೆ ಬಂದೆ" ಎಂದರು ಭಾಯಿ. ನಿಂತೇ ಇದ್ದರು. "ಷರಾ ನಿನ್ನದು. ಅದರಲ್ಲಿ ನಾನು ಕೈ ಹಾಕಬಾರದಿತ್ತು. ನಿನ್ನ ಪ್ರತಿ ಕೊಟ್ರೆ ರದ್ದು ಮಾಡ್ತೀನಿ. ಬುಗ್ಗೆ ಇಲ್ಲ, ಓಡಿದ್ದು ಇಲ್ಲ. ಆಟಕ್ಕೆ ಬರೋದು ಬಿಡೋದು ನಿನಗೆ ಸೇರಿದ್ದು. ಬರದಿದ್ರೂ ನಿನ್ನ ಸರಕು ಇದ್ದ ಹಾಗೇ ಇರ್ಬೇಕು ನನ್ನ ಹತ್ರ."

"ಬುಗ್ಗೆ ಇರ್ಲಿ" ಎಂದಳು ಅವಳು. "ಬಸವಂತಪ್ಪನೋರ ಮಂಡಿನೋವಿಗೆ ಆಗ್ತದೆ." ಕತ್ತರಿ ನಿಂತಿತು. "ದೋಣಿಯಂವ ಆಡಿದ ಮಾತು?"

"ಅದೂ ರದ್ದು."

"ಅವಂಗೆ ನನ್ನ ಪ್ರಶ್ನೆ ಮಾತ್ರ ರದ್ದಿಲ್ಲ. ನಾಕು ತಿಂಗ್ಳು ಎಂತ ನೋಡ್ತಿದ್ದ? ಅದಕ್ಕೆ ಉತ್ರ ತಗಂಡು ಬರೂಕೆ ಹೇಳಿ."

ಗಲ್ಲಾದ ಡ್ರಾವರಿನಿಂದ ಮಡಚಿದ ಬಿಲ್ಟಿ ತೆಗೆದು ಕೊಟ್ಟಳು. ಎರಡು ವಾರದ ಸಿಟ್ಟಿನಲ್ಲೂ ಅದನ್ನು ಹರಿದಿರಲಿಲ್ಲ.

ಆ ಭಾನುವಾರ ಅವಳು ಬಂದಳು. ಹೊಸ ಬಿಲ್ಟಿಯ ಷರಾವನ್ನು ಅವಳ ಕೈಯಿಂದಲೇ ಬರೆಸಿದರು. ಕಥೆ ಹೊಳೆಗೆ ಬಂತು. ಭಾಯಿ ದೋಣಿಯವನಾದರು. ದಾಳ ಮುಟ್ಟಲಿಲ್ಲ. ಆಮೇಲೆ ಆ ದೊಡ್ಡ ದನಿಯ ಮನುಷ್ಯ ಹೊಳೆಯ ಆಚೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

"ದೋಣಿ ಒಳಗೆ, ಬಲಗಡೆ, ಕೋಲು ಇಡೋಕೆ ಒಂದು ಗೂಟ ಬಡಿದೀನಿ. ನೀನು ಎರಡನೇ ಸಲ ದಾಟಿದ ದಿನಾನೇ ಬಡಿದೆ. ದೋಣಿ ಅಲ್ಲಾಡಿದಾಗೆಲ್ಲ ಕೋಲು ಜಾರ್ತಿತ್ತು, ಅದನ್ನ ನೋಡ್ತಿದ್ದೆ. ಗೂಟ ತೋರಿಸೋಕೆ ಧೈರ್ಯ ಆಗ್ಲಿಲ್ಲ."

ನಾವು ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾಗವೇಣಿ ತನ್ನ ಕೋಲನ್ನು ಗೋಡೆಗೆ ಒರಗಿಸಿ ಸರಿಯಾಗಿ ಕೂತಳು.

"ಎಲ್ಲಿ, ತೋರ್ಸು ನೋಡ್ವ" ಎಂದಳು.

ಗಣಪಣ್ಣ ಮೆಲ್ಲಗೆ, "ಎಂತ ಹೇಳ್ತ್ರಿ ಅಕ್ಕೋರೆ, ಈ ಮದ್ವೆಗೆ ಊಟ ಯಾರದ್ದು?" ಎಂದ. "ನಿನ್ನದೇ. ಉಪ್ಪು ಮಾತ್ರ ನೋಡ್ಕೊ" ಎಂದಳು ನಾಗವೇಣಿ. ಅದಾದ ಮೇಲೆ ಒಂದೂವರೆ ವರ್ಷ ಆಟ ಒಂದು ವಾರವೂ ತಪ್ಪಲಿಲ್ಲ. ಒಂದು ಶುಕ್ರವಾರ ಯಲ್ಲಾಪುರದ ಮನೆಯಲ್ಲಿ, ಮಧ್ಯಾಹ್ನದ ನಿದ್ದೆಯಲ್ಲಿ ಭಾಯಿ ಹೋದರು.

ಈ ಭಾನುವಾರ ಟ್ರಂಕಿನಲ್ಲಿ ಸಿಕ್ಕಿದ್ದು: ನಕ್ಷೆಗಳು ಹನ್ನೊಂದು, ದಾಳ ಆರು, ಬಿಲ್ಟಿ ಪುಸ್ತಕಗಳು, ಕಾರ್ಬನ್ ಹಾಳೆಯ ಒಂದು ಕಟ್ಟು. ಬಸವಂತಪ್ಪ ರಾಣಿಗೆಂದು ಬರೆದಿದ್ದ ಪದ್ಯಗಳೂ ಇದ್ದವು. ಅವರು ಅವನ್ನು ಕಸಿದುಕೊಂಡು, "ಓದಬ್ಯಾಡ್ರಿ, ನಾಚಿಕಿ ಆಕ್ಕೈತಿ" ಎಂದರು. ತಳದಲ್ಲಿ ರದ್ದಾದ ಬಿಲ್ಟಿ. ಮೂರೂ ಪ್ರತಿಗೆ ಒಂದೇ ಟಾಚಣಿ ಪಿನ್ನು. ಹಿಂಬದಿಯಲ್ಲಿ ಅವರ ಅಕ್ಷರ: 'ತಪ್ಪು ನನ್ನದು. ಸರಕು ಸರಿ ಇತ್ತು.' ನಾಗವೇಣಿ ಓದಿದಳು. ಓದಿ ನನ್ನ ಕೈಗೆ ಕೊಟ್ಟು, "ಫೈಲಿಗೆ ಹಾಕಿ ಅಕ್ಕೋರೆ" ಎಂದಳು. ಹಾಕಿದೆ.

ಇನ್ನು ಕಥೆ ಹೇಳುವವರು ಯಾರು ಎಂಬ ಪ್ರಶ್ನೆಗೆ ಚರ್ಚೆ ಬೇಕಾಗಲಿಲ್ಲ. ಅವಳು ಭಾಯಿಯ ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯ ಬಲಗೈ ಪಕ್ಕದಲ್ಲಿ ಒಂದು ಮರದ ಗೂಟ ಬಡಿದಿರುವುದನ್ನು ನಾವು ಆಗ ಮೊದಲ ಸಲ ಕಂಡೆವು. ಭಾಯಿ ಯಾವಾಗ ಬಡಿದಿದ್ದರೋ ಗೊತ್ತಿಲ್ಲ. ಅವಳು ಒಂದು ಗಳಿಗೆ ನೋಡಿದಳು, ಕೋಲನ್ನು ಅದಕ್ಕೆ ಆನಿಸಿದಳು, ಕೋಲು ಜಾರಲಿಲ್ಲ. ಆಮೇಲೆ ಎಲ್ಲರ ಬಿಲ್ಟಿ ಒಂದೊಂದಾಗಿ ಪರೀಕ್ಷಿಸಿದಳು. ನನ್ನದು ಬಂದಾಗ ಪೆನ್ನು ಮುಂದೆ ಚಾಚಿದಳು.

"ಅಕ್ಕೋರೆ, ಈ ಕಾಲಂ ಖಾಲಿ ಇದೆ."

"ಮುಂದಿನ ವಾರ..." ಎಂದೆ.

"ಇವತ್ತೇ. ಇಲ್ಲದಿದ್ರೆ ಗಣಪಣ್ಣ ಮಂತ್ರಿ ಹೆಸರು ತುಂಬ್ತಾನೆ."

"ಹೌದು, ಆನು ತುಂಬ್ತೆ" ಎಂದ ಗಣಪಣ್ಣ.

ನನ್ನ ಪ್ರತಿಯನ್ನೂ ಸೇರಿಸಿ, ಮೂರೂ ಸರಿಯಾಗಿ ಕೂತಿವೆಯೇ, ಕಾರ್ಬನ್ನಿನ ಮುಖ ಕೆಳಗಿದೆಯೇ ಎಂದು ನೋಡಿದೆ. ಕಾವಲಿನ ಮುಖ್ಯಸ್ಥೆ ಸಂಜೆ ಗಂಟೆ ಹೊಡೆದು, ಹಾಜರಿ ಮುಗಿಸಿ, ಬಾಗಿಲ ಪಕ್ಕದ ತನ್ನ ಕೋಣೆಗೆ ಹೋಗಿ ದೀಪ ಹಚ್ಚುವುದನ್ನು ನೆನೆದೆ. ಅವಳಿಗೆ ಅಲ್ಲಿ ಯಾವ ಕೊರತೆಯೂ ಇಲ್ಲ. 'ಪಡೆಯುವವರು' ಎಂಬಲ್ಲಿ 'ಸೆಲ್ಫ್' ಎಂದು ಒತ್ತಿ ಬರೆದು ಸಹಿ ಮಾಡಿದೆ. ಒಂದು ಪ್ರತಿ ನನಗೆ, ಒಂದು ನಾಗವೇಣಿಗೆ, ಒಂದು ಫೈಲಿಗೆ. ಹನ್ನೆರಡೂಮುಕ್ಕಾಲಿಗೆ ಟ್ರಂಕಿನ ಬೀಗ ಹಾಕಿದೆ.